ಸ್ಟಿಂಗ್ ಅವರ ತೋಟದ ಸಾವಯವ ವೈನ್: ಬೆಲೆ ಹೆಸರಿಗೋ, ರುಚಿಗೋ?

ಸಂಜೆರಾಗ (ಪ್ರಶ್ನೆ):
ಗಾಯಕ ಸ್ಟಿಂಗ್ ಮತ್ತು ಅವರ ಪತ್ನಿ ಟ್ರೂಡಿ ಸ್ಟೈಲರ್ ಅವರು ಇಟಲಿಯ ಟಸ್ಕನಿಯಲ್ಲಿ, ಫ್ಲಾರೆನ್ಸ್‌ಗೆ ಆಗ್ನೇಯದಲ್ಲಿರುವ ಫಿಲ್ಯಿನೆ ವಲ್ದಾರ್ನೊ ಊರಿನ ಬಳಿ ಇಲ್ ಪಲಾಜೊ ಎಂಬ ತೋಟವನ್ನು 1990ರ ದಶಕದ ಕೊನೆಯಲ್ಲಿ ಕೊಂಡು, ಸಾವಯವ ಪದ್ಧತಿಯಲ್ಲಿ ದ್ರಾಕ್ಷಿ ಮತ್ತು ಆಲಿವ್ ಬೆಳೆಸುತ್ತಿದ್ದಾರೆ. ಅಲ್ಲಿನ ಕೆಂಪು ವೈನ್ ಒಂದನ್ನು ಸವಿದು ನೋಡುವ ಆಸೆಯಿದೆ. ಆದರೆ ಕೆಲವು ಬಾಟಲಿಗಳಿಗೆ ಅವರ ಹಾಡುಗಳ ಹೆಸರನ್ನೇ ಇಟ್ಟಿರುವುದರಿಂದ, ತೆರುವ ಹಣ ವೈನ್‌ಗೋ ಹೆಸರಿಗೋ ಎಂಬ ಅನುಮಾನ ಕಾಡುತ್ತಿದೆ. ಸಾವಯವ ವೈನ್ ಕುಡಿದರೆ ತಲೆನೋವು ಬರುವುದಿಲ್ಲ ಎನ್ನುವ ಮಾತು ನಿಜವೇ? ತಿಳಿದವರು ಹೇಳಬೇಕು.

ದ್ರಾಕ್ಷಿಚಪ್ಪರ:
ಹಾಡಿನ ಹೆಸರನ್ನು ಬದಿಗಿಟ್ಟು, ಲೇಬಲ್‌ನ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ‘ಕಿಯಾಂಟಿ ಡಿಒಸಿಜಿ’ (ಟಸ್ಕನಿಯ ಕಿಯಾಂಟಿ ವೈನ್, ಇಟಲಿಯ ಅತಿ ಕಟ್ಟುನಿಟ್ಟಿನ ದರ್ಜೆ) ಎಂದಿದ್ದರೆ ಕನಿಷ್ಠ ಶೇ. 70ರಷ್ಟು ಸಾಂಜೊವೇಸೆ ದ್ರಾಕ್ಷಿ ಇರಲೇಬೇಕೆಂಬುದು ನಿಯಮ. ‘ಟೊಸ್ಕಾನಾ ಐಜಿಟಿ’ (ಟಸ್ಕನಿಯ ವೈನ್ ಎಂದಷ್ಟೇ ಹೇಳುವ ದರ್ಜೆ) ಎಂದಿದ್ದರೆ ನಿಯಮ ಸಡಿಲವಾದ್ದರಿಂದ ಮೆರ್ಲೊ, ಕ್ಯಾಬರ್ನೆ ಸೊವಿನ್ಯೊಂ ಎಂಬ ಬೇರೆ ದ್ರಾಕ್ಷಿ ತಳಿಗಳನ್ನು ಧಾರಾಳವಾಗಿ ಬೆರೆಸಬಹುದು, ವೈನ್ ಅಷ್ಟರಮಟ್ಟಿಗೆ ಮೆತ್ತಗೂ ದಟ್ಟವೂ ಆಗುತ್ತದೆ. ಸಾಂಜೊವೇಸೆಯ ಗುಣವೇ ಬೇರೆ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದರೆ ಬಣ್ಣ ಅಷ್ಟೇನೂ ಗಾಢವಾಗಿರದೆ, ಕೆಲವು ವರ್ಷ ಕಳೆದ ಬಾಟಲಿಯಾಗಿದ್ದರೆ ಅಂಚಿನಲ್ಲಿ ಇಟ್ಟಿಗೆಯ ಛಾಯೆ ಕಾಣುತ್ತದೆ. ಹುಳಿ ಚೆರ್ರಿಯ ಪರಿಮಳ ಬರುತ್ತದೆ, ಒಸಡಿನಲ್ಲಿ ಒಗರು ನಿಲ್ಲುತ್ತದೆ. ಬರಿದೇ ಹೀರಿದಾಗ ಚುರುಕೆನಿಸುವ ಈ ಹುಳಿ, ಟೊಮೆಟೊ ಹಾಕಿದ ಅಡುಗೆಯ ಅಥವಾ ಹಳೆಯ ಚೀಸಿನ ಜೊತೆ ಹದಕ್ಕೆ ಬರುತ್ತದೆ. ಅರ್ಧ ಗಂಟೆ ಮೊದಲೇ ಬಿರಡೆ ತೆಗೆದು ಜಗ್ಗಿಗೆ ಸುರಿದಿಡಿ. 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು.

ಹಸಿರೆಲೆ:
ತಲೆನೋವಿನ ಮಾತನ್ನು ನಂಬಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ 2012ರ ಸುಗ್ಗಿಯವರೆಗೆ ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಎಂದಷ್ಟೇ ಬರೆಯಲು ಅವಕಾಶವಿತ್ತು. ವೈನ್ ತಯಾರಿಕೆಗೂ ನಿಯಮಗಳು ಬಂದದ್ದು ಆ ಮೇಲೆ. ಅವುಗಳ ಪ್ರಕಾರ ಸಿಹಿಯಿಲ್ಲದ ಸಾವಯವ ಕೆಂಪು ವೈನ್‌ನಲ್ಲಿ ಲೀಟರಿಗೆ 100 ಮಿಲಿಗ್ರಾಂವರೆಗೆ ಸಲ್ಫೈಟ್ (ವೈನ್ ಕೆಡದಂತೆ ಬಳಸುವ, ತಲೆನೋವಿಗೆ ಕಾರಣವೆಂದು ಹಲವರು ದೂರುವ ಸಂರಕ್ಷಕ) ಇರಬಹುದು, ಸಾಮಾನ್ಯ ವೈನ್‌ಗೆ ಈ ಮಿತಿ 150. ಅಂದರೆ ಸಲ್ಫೈಟ್ ಕಡಿಮೆಯಾದೀತೇ ಹೊರತು ಇಲ್ಲವಾಗುವುದಿಲ್ಲ. ಬಿಳಿ ವೈನ್‌ಗೆ ಕೆಂಪಿಗಿಂತ ಹೆಚ್ಚಿನ ಮಿತಿಯಿದ್ದರೂ ತಲೆನೋವಿನ ದೂರು ಹೆಚ್ಚಾಗಿ ಕೇಳಿಬರುವುದು ಕೆಂಪಿನ ಮೇಲೆಯೇ. ಮದ್ಯಸಾರವಂತೂ ಎರಡರಲ್ಲೂ ಇದೆ. ಸಾವಯವ ಎಂಬ ಮುದ್ರೆ ಮುಖ್ಯವಾಗಿ ತೋಟದ ಮಣ್ಣಿಗೆ ಸಂಬಂಧಿಸಿದ್ದು: ಕೃತಕ ಗೊಬ್ಬರವಿಲ್ಲ, ಕೃತಕ ಕಳೆನಾಶಕವಿಲ್ಲ. ಬೂಜುರೋಗಕ್ಕೆ ತಾಮ್ರ ಮತ್ತು ಗಂಧಕ ಸಿಂಪಡಿಸಲು ಅಲ್ಲಿಯೂ ಅನುಮತಿ ಇದೆ.

ಓದುಗ:
ಇಲ್ ಪಲಾಜೊ ತೋಟಕ್ಕೆ ಬಯೋಡೈನಾಮಿಕ್ ಕೃಷಿಯ ಸಲಹೆಗಾರರಾಗಿದ್ದವರು ಅಲನ್ ಯಾರ್ಕ್. ಸಗಣಿಯನ್ನು ಹಸುವಿನ ಕೊಂಬಿನಲ್ಲಿ ತುಂಬಿ ಚಳಿಗಾಲವಿಡೀ ನೆಲದಲ್ಲಿ ಹೂಳುವ ಆ ಪದ್ಧತಿಯ ಬಗ್ಗೆ ನನಗೆ ಅಂಥ ನಂಬಿಕೆಯಿಲ್ಲ, ಆದರೂ ಅಷ್ಟು ಶ್ರದ್ಧೆಯಿಂದ ಬಳ್ಳಿಯನ್ನು ನೋಡಿಕೊಳ್ಳುವವರು ಕೊಯ್ಲಿನಲ್ಲಿಯೂ ಅಸಡ್ಡೆ ಮಾಡಲಾರರು ಎಂದುಕೊಂಡಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಒಂದು ಉಪಾಯವಿದೆ. ಅದೇ ವರ್ಷದ, ಹೆಚ್ಚುಕಡಿಮೆ ಅದೇ ಬೆಲೆಯ ಇನ್ನೊಂದು ಕಿಯಾಂಟಿಯನ್ನು ಜೊತೆಗೆ ಕೊಂಡು, ಎರಡೂ ಬಾಟಲಿಗಳಿಗೆ ಕಾಗದ ಸುತ್ತಿ, ಸುರಿಯುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ.