ನಾಲ್ಕು ಲಕ್ಷದ ಸಿಡಿ ಪ್ಲೇಯರ್ ತಗೊಳ್ಳೋದಾ, ಬೇಡವಾ? ಅನುಭವ ಇರೋರು ಹೇಳಿ

ತುಮಕೂರು, ಎಸ್‌ಐಟಿ ಬಡಾವಣೆ:
ಮನೇಲಿ 640 ಸಿಡಿ ಇವೆ. ಮುಕ್ಕಾಲು ಪಾಲು ಕರ್ನಾಟಕ ಸಂಗೀತ, ಅದರಲ್ಲೂ ವೀಣೆ ಜಾಸ್ತಿ. ಉಳಿದದ್ದು ಹಿಂದೂಸ್ತಾನಿ ಗಾಯನ, ಭಾವಗೀತೆ, ಒಂದಿಷ್ಟು ರಂಗಗೀತೆ. ಆಂಪ್ಲಿಫೈಯರ್ 60 ವಾಟ್‌ದು, ಸ್ಪೀಕರ್ ಜೋಡಿ 90 ಸಾವಿರದ್ದು. ಹಳೇ ಪ್ಲೇಯರ್ ಡಿಸ್ಕಿನ ಕೊನೇ ಎರಡು ಮೂರು ಹಾಡು ಬಂದಾಗ ಎಗರುತ್ತೆ. ಬೆಂಗಳೂರಿನ ಒಂದು ಅಂಗಡೀಲಿ ಎಸ್‌ಎಸಿಡಿಯನ್ನೂ (ಸೂಪರ್ ಆಡಿಯೊ ಸಿಡಿ, ಮಾಮೂಲಿ ಸಿಡಿಗಿಂತ ಹೆಚ್ಚು ವಿವರ ಹಿಡಿಯೋದು) ಓದೋ ಪ್ಲೇಯರ್‌ಗೆ 4.2 ಲಕ್ಷ ಹೇಳಿದಾರೆ. ನನ್ನ ಹತ್ರ ಎಸ್‌ಎಸಿಡಿ ಇರೋದು 11 ಮಾತ್ರ. ತಗೊಳ್ಳಲಾ?

ತಿಪಟೂರು:
ತಗೊಳ್ಳಿ ಸರ್. ಆದರೆ ದುಡ್ಡು ಕೊಡೋ ಮುಂಚೆ ಒಳಗೆ ಡಿಸ್ಕ್ ತಿರುಗಿಸಿ ಓದೋ ಮೆಕ್ಯಾನಿಸಂ ಯಾವುದು, ಅದರ ಪಿಕಪ್ (ಲೇಸರ್, ಲೆನ್ಸ್ ಇರೋ ಭಾಗ) ನಂಬರ್ ಏನು, ಬಿಡಿಭಾಗ ಎಷ್ಟು ವರ್ಷ ಇಟ್ಟಿರ್ತಾರೆ ಅನ್ನೋದನ್ನ ಬರಹದಲ್ಲಿ ತರಿಸಿಕೊಳ್ಳಿ. ನನ್ನ ಹತ್ರ ಇರೋದು ಇದೇ ದರ್ಜೆಯ ಯಂತ್ರ. ವಾರಂಟಿ ಮುಗಿದ ಎಂಟನೇ ತಿಂಗಳಿಗೆ ಎಸ್‌ಎಸಿಡಿ ಓದೋದು ನಿಲ್ಲಿಸಿತು, ಸಿಡಿ ಮಾತ್ರ ಓಡ್ತಿತ್ತು. ಕಾರಣ ಸರಳ: ಸಿಡಿಗೆ 780 ನ್ಯಾನೋಮೀಟರ್ ಲೇಸರ್, ಎಸ್‌ಎಸಿಡಿಗೆ 650. ಎರಡೂ ಬೇರೆ ಬೇರೆ, ಒಂದು ಹೋದರೆ ಇನ್ನೊಂದು ಬದುಕಿರುತ್ತೆ. ಆದರೆ ಬದಲಾಯಿಸೋವಾಗ ಇಡೀ ಪಿಕಪ್ಪೇ ಬದಲಾಗಬೇಕು.

ಖರ್ಚು ಬರೆದಿಟ್ಟಿದೀನಿ. ಪಿಕಪ್ 31,500. ಮರದ ಪೆಟ್ಟಿಗೆ ಮಾಡಿಸಿದ್ದು 1,400. ಹೋಗೋಕೆ ಬರೋಕೆ ವಿಮೆ ಸೇರಿ ಕೊರಿಯರ್ 3,800. ಕೂಲಿ 6,000, ಅದರ ಮೇಲೆ ಜಿಎಸ್‌ಟಿ 1,080. ಒಟ್ಟು 43,780 ರೂಪಾಯಿ. ಭಾಗ ಹೊರದೇಶದಿಂದ ಬರೋಕೆ ಐದು ತಿಂಗಳು. ಕಳಿಸೋವಾಗ ತಳದಲ್ಲಿರೋ ಟ್ರಾನ್ಸ್‌ಪೋರ್ಟ್ ಸ್ಕ್ರೂ ಮತ್ತೆ ಹಾಕ್ಬೇಕು, ಹಾಕದಿದ್ದರೆ ಪಿಕಪ್ ದಾರಿಯುದ್ದಕ್ಕೂ ಅತ್ತಿತ್ತ ಬಡಿದುಕೊಳ್ಳುತ್ತೆ. ಹೊಸದು ಬಂದಾಗ ಅದೇ ಸ್ಕ್ರೂ ತೆಗೀದೆ ಸ್ವಿಚ್ ಹಾಕಿದರೆ ಗೇರಿನ ಹಲ್ಲು ಹೋಗುತ್ತೆ. ಇಷ್ಟಾದ ಮೇಲೂ ಹೇಳ್ತೀನಿ, ವೀಣೆಯ ಮಂದ್ರದ ತಂತಿ ಮೀಟಿದ ಮೇಲೆ ಆ ನಾದ ಕರಗೋ ರೀತಿ ಈ ಯಂತ್ರದಲ್ಲಿ ಕೇಳೋದೇ ಬೇರೆ.

ಚಿಂತಾಮಣಿ:
43 ಸಾವಿರ ರಿಪೇರಿಗೇ ಹೋಯ್ತು ಅಂತ ಅವರೇ ಹೇಳ್ತಿದಾರೆ, ಆಮೇಲೆ ತಗೊಳ್ಳಿ ಅಂತಾನೂ ಅಂತಾರೆ. ನಮ್ಮನೇಲಿ ಸಿಡಿಗಳನ್ನ ಕಂಪ್ಯೂಟರಲ್ಲಿ ಫೈಲಾಗಿ ನಕಲು ಮಾಡಿಟ್ಟು ಕೇಳೋ ಪೂರ್ತಿ ವ್ಯವಸ್ಥೆ ಅದಕ್ಕಿಂತ ಕಡಿಮೆಗೆ ಆಗಿದೆ. ಯುಎಸ್‌ಬಿ ಡಿಸ್ಕ್ ಡ್ರೈವ್ 2,600. ಒಂದು ಟೆರಾಬೈಟ್ ಹಾರ್ಡ್ ಡಿಸ್ಕ್ ಎರಡು, 8,600. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಡಬ್ಬಿ, ಅಡಾಪ್ಟರ್ ಸೇರಿ 7,400. ಡಿಜಿಟಲ್ ಫೈಲನ್ನ ಆಂಪ್ಲಿಫೈಯರಿಗೆ ಬೇಕಾದ ಸಂಕೇತ ಮಾಡೋ ಡ್ಯಾಕ್ 16,500. ಒಟ್ಟು 35,100.

640 ಡಿಸ್ಕ್ ಅಂದರೆ ಒಂದಕ್ಕೆ 12 ನಿಮಿಷದಂತೆ 128 ಗಂಟೆ. ದಿನಕ್ಕೆ ಒಂದೂವರೆ ಗಂಟೆ ಕೂತರೆ ಮೂರು ತಿಂಗಳೊಳಗೆ ಮುಗಿಯುತ್ತೆ. ಫ್ಲ್ಯಾಕ್‌ನಲ್ಲಿ (ಗುಣಮಟ್ಟ ಕಳೆಯದೆ ಕುಗ್ಗಿಸೋ ಫೈಲ್) ಡಿಸ್ಕಿಗೆ ಸರಾಸರಿ 330 ಎಂಬಿ ಹಿಡಿದರೂ ಒಟ್ಟು 211 ಜಿಬಿ. ಎರಡನೇ ಹಾರ್ಡ್ ಡಿಸ್ಕಲ್ಲಿ ಅದರ ನಕಲು ಇಟ್ಟು ಬೇರೆ ಕೋಣೆಯಲ್ಲಿಡಿ. ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನೋ ಸಾಫ್ಟ್‌ವೇರ್ ಬಳಸಿ, ಸೆಕ್ಯೂರ್ ಮೋಡ್‌ನಲ್ಲೇ ಓದಿಸಿ. ಬೇರೆಯವರ ನಕಲುಗಳ ಲೆಕ್ಕ ಇರೋ ಅಕ್ಯುರೇಟ್‌ರಿಪ್ ಪಟ್ಟಿ ಜೊತೆ ತಾಳೆ ನೋಡುತ್ತೆ, ಆದರೆ ನಮ್ಮ ಸಣ್ಣ ಕಂಪನಿಗಳ ಕನ್ನಡ ಡಿಸ್ಕು ಆ ಪಟ್ಟೀಲಿ ಸಿಗದೇ ಇರೋದು ಸಾಮಾನ್ಯ. ಆಗ ಟೆಸ್ಟ್ ಅಂಡ್ ಕಾಪಿ ಒತ್ತಿ. ಎರಡು ಸಲ ಓದಿ ಎರಡು ಸಲವೂ ಒಂದೇ ಸಿಆರ್‌ಸಿ (ತಪ್ಪು ಹಿಡಿಯೋ) ಸಂಖ್ಯೆ ಬಂದರೆ ನೆಮ್ಮದಿಯಾಗಿ ಇಟ್ಕೊಳ್ಳಿ. ಗೀಚಿದ ಡಿಸ್ಕಿಗೆ ವೇಗ 4 ಪಟ್ಟಿಗೆ ಇಳಿಸಿ. ರಾಗ, ತಾಳ, ರಚನಕಾರರ ಹೆಸರನ್ನ ಆವಾಗಾವಾಗಲೇ ತುಂಬಿ, ಆಮೇಲೆ ಮಾಡ್ತೀನಿ ಅಂದರೆ ಆಗೋದೇ ಇಲ್ಲ.

ತಿಪಟೂರು:
ಆ 11 ಎಸ್‌ಎಸಿಡಿ ಏನು ಮಾಡೋದು? ಕಂಪ್ಯೂಟರ್ ಡ್ರೈವ್ ಎಸ್‌ಎಸಿಡಿ ಪದರವನ್ನ ಓದೋದೇ ಇಲ್ಲ. ಎರಡೂ ಪದರ ಇರೋ ಹೈಬ್ರಿಡ್ ಆಗಿದ್ದರೆ ಅದರ ಸಿಡಿ ಪದರ ಮಾತ್ರ ಸಿಗುತ್ತೆ. ಅದನ್ನ ಹೇಳದೆ 35 ಸಾವಿರದಲ್ಲಿ ಎಲ್ಲಾ ಆಯ್ತು ಅಂದುಬಿಟ್ಟರೆ ಹೇಗೆ?

ಇನ್ನೊಂದು. ಎಂಬತ್ತರ ದಶಕದ ಶುರುವಿನ ಎಷ್ಟೋ ಡಿಸ್ಕುಗಳಲ್ಲಿ ಪ್ರಿ-ಎಂಫಸಿಸ್ ಇದೆ, ಅದರಲ್ಲೂ ಜಪಾನಿನಲ್ಲಿ ಅಚ್ಚಾದವು. ರೆಕಾರ್ಡ್ ಮಾಡೋವಾಗ ಮೇಲಿನ ಸ್ವರ ಏರಿಸಿರ್ತಾರೆ, 10 ಕಿಲೋಹರ್ಟ್ಜ್ ಹತ್ರ ಏಳೂವರೆ ಡೆಸಿಬೆಲ್‌ನಷ್ಟು. ಪ್ಲೇಯರ್ ಸೂಚನೆ ನೋಡಿ ತಾನೇ ಇಳಿಸುತ್ತೆ. ಫೈಲ್ ಮಾಡಿದಾಗ ಆ ಸೂಚನೆ ಕಳೆದುಹೋಗುತ್ತೆ. ಆಮೇಲೆ ತಾಳದ ಸದ್ದು ಕಿವಿಗೆ ಚುಚ್ಚುತ್ತೆ, ಸ್ಪೀಕರ್ ಸರಿ ಇಲ್ಲ ಅಂತ ಬೈಕೋತಾರೆ.

ಚಿಂತಾಮಣಿ:
ಪ್ರಿ-ಎಂಫಸಿಸ್ ಸೂಚನೆ ಡಿಸ್ಕಿನ ಪರಿವಿಡಿಯಲ್ಲೂ ಇರಬಹುದು, ಬರೀ ಸಬ್‌ಕೋಡ್‌ನಲ್ಲೂ (ಹಾಡಿನ ಜೊತೆಗೇ ಬರೆದಿರೋ ಹೆಚ್ಚುವರಿ ಮಾಹಿತಿ) ಇರಬಹುದು. ಎರಡನ್ನೂ ನೋಡಿ, ಇದ್ದರೆ ಏರಿಸಿದ್ದನ್ನ ಇಳಿಸೋ 50/15 ಮೈಕ್ರೋಸೆಕೆಂಡ್ ಫಿಲ್ಟರ್ ಹಾಕಿದರೆ ಮುಗೀತು. ಇದು ಗೊತ್ತಿಲ್ಲದೆ ಮಾಡಿದೀನಿ ಅಂದ್ಕೊಂಡ್ರಾ? 11 ಡಿಸ್ಕಿಗೋಸ್ಕರ 4.2 ಲಕ್ಷ ಅಂದರೆ ಒಂದು ಡಿಸ್ಕಿಗೆ 38 ಸಾವಿರದ ಮೇಲೆ ಬಿತ್ತು.

ಕೆಜಿಎಫ್:
ಇಬ್ಬರೂ ಸ್ವಲ್ಪ ನಿಲ್ಲಿ. ಕೇಳಿದವರ ಪ್ಲೇಯರ್ ಕೊನೇ ಹಾಡಲ್ಲಿ ಎಗರುತ್ತೆ ಅಂದಿದಾರೆ, ಅದನ್ನ ಯಾರೂ ನೋಡಲೇ ಇಲ್ಲ. ಸಿಡಿ ಓದೋದು ಒಳಗಿಂದ ಹೊರಕ್ಕೆ. ಶುರುವಿನಲ್ಲಿ ಡಿಸ್ಕು ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರೋ ಹೊತ್ತಿಗೆ 200. ಮೊದಲ ಹಾಡಲ್ಲೇ ತಡವರಿಸಿದರೆ ಡಿಸ್ಕ್ ತಿರುಗಿಸೋ ಸ್ಪಿಂಡಲ್ ಮೋಟಾರ್ ಮೇಲೆ ಅನುಮಾನ. ಕೊನೇಲಿ ಎಗರಿದರೆ ಪಿಕಪ್ ಜಾರುವ ಕಂಬಿ, ಗೇರು, ಇಲ್ಲ ಡಿಸ್ಕಿನ ಅಂಚು. ನಮ್ಮ ಕಡೆಯ ಹಾಡಿನ ಡಿಸ್ಕು ಬಹುಪಾಲು 45ರಿಂದ 60 ನಿಮಿಷ. ಪಿಕಪ್ಪು ವರ್ಷಗಟ್ಟಲೆ ಕಂಬಿಯ ಆ ತುದಿಗೆ ಹೋಗಿರೋದೇ ಇಲ್ಲ. ಅಲ್ಲಿ ಗ್ರೀಸು ಒಣಗಿ ಜೇನುಮೇಣದ ಹಾಗೆ ಗಟ್ಟಿಯಾಗಿ ಕೂತಿರುತ್ತೆ, ಉಗುರಲ್ಲಿ ಕೆರೆದರೆ ಹಳದಿ ಸಿಪ್ಪೆ ಏಳುತ್ತೆ. 70 ನಿಮಿಷದ ಕಛೇರಿ ಡಿಸ್ಕು ಹಾಕಿದ ದಿನ ಸಿಕ್ಕಿಹಾಕಿಕೊಳ್ಳುತ್ತೆ.

ಮೊದಲು ಅದೇ ಡಿಸ್ಕನ್ನ ಇನ್ನೊಂದು ಪ್ಲೇಯರಲ್ಲಿ ಹಾಕಿ. ಅಲ್ಲೂ ಎಗರಿದರೆ ಡಿಸ್ಕನ್ನ ಬಲ್ಬಿಗೆ ಎದುರು ಹಿಡಿದು ನೋಡಿ. ಅಂಚಲ್ಲಿ ಸೂಜಿ ಚುಚ್ಚಿದಂಥ ಬೆಳಕಿನ ಚುಕ್ಕಿ ಕಂಡರೆ ಲೋಹದ ಪದರ ಹೋಗಿದೆ. ಕಂಚಿನ ಬಣ್ಣಕ್ಕೆ ತಿರುಗಿದ್ದರೂ ಅಷ್ಟೇ. ಆ ಡಿಸ್ಕನ್ನ ಯಾವ 4 ಲಕ್ಷದ ಯಂತ್ರವೂ ಸರಿ ಮಾಡಲ್ಲ.

ಡಿಸ್ಕು ಚೆನ್ನಾಗಿದ್ದರೆ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಬಿಚ್ಚಿ. ಕಂಬಿಯ ಹಳೇ ಗ್ರೀಸನ್ನ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ. ಪ್ಲಾಸ್ಟಿಕ್‌ಗೆ ಆಗೋ ಬಿಳೀ ಸಿಲಿಕೋನ್ ಗ್ರೀಸು, ಸಾಸಿವೆ ಕಾಳಿನಷ್ಟು ಸಾಕು. ಹೊಲಿಗೆ ಮಿಷಿನ್ ಎಣ್ಣೆ ಬಿಟ್ಟರೆ ಅದು ಹರಿದು ಲೆನ್ಸಿಗೆ ಬರುತ್ತೆ. ಲೆನ್ಸಿಗೆ ಹತ್ತಿಕಡ್ಡಿಯಲ್ಲಿ ಅದೇ ಆಲ್ಕೋಹಾಲ್ ಒಂದು ತೊಟ್ಟು, ಒತ್ತದೆ ಒಂದೇ ಸುತ್ತು. ನೈಲ್ ಪಾಲಿಶ್ ತೆಗೆಯೋ ದ್ರವ ಮುಟ್ಟಿಸಲೇಬೇಡಿ, ಪ್ಲಾಸ್ಟಿಕ್ ಲೆನ್ಸು ಮಂಜಾಗುತ್ತೆ. ಬ್ರಷ್ ಅಂಟಿಸಿದ ಕ್ಲೀನರ್ ಡಿಸ್ಕೂ ಬೇಡ. ಕೂದಲಿನಷ್ಟು ತೆಳು ತಂತಿ ಮೇಲೆ ತೂಗ್ತಿರೋ ಲೆನ್ಸಿಗೆ ಬ್ರಷ್ ಬಡಿಯುತ್ತೆ.

ಪಿಕಪ್ ಬದಲಾಯಿಸಬೇಕಾದರೆ, ನಿಮ್ಮದರಲ್ಲಿ ಕೆಎಸ್‌ಎಸ್-213 ಅನ್ನೋ ಪಿಕಪ್ ಇದ್ದರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುತ್ತೆ. ಹೊಸ ಪಿಕಪ್ಪಿನ ಸರ್ಕ್ಯೂಟ್ ಪಟ್ಟಿ ಮೇಲೆ ಬೆಸುಗೆಯ ಸಣ್ಣ ಬೊಟ್ಟು ಇರುತ್ತೆ, ಸ್ಟ್ಯಾಟಿಕ್ ಹೊಡೆಯದಿರಲಿ ಅಂತ. ಕೇಬಲ್ ಸಿಕ್ಕಿಸಿದ ಮೇಲೆ ಅದನ್ನ ತೆಗೀಬೇಕು. ತೆಗೀದೆ ಹಾಕಿ, ಡಿಸ್ಕ್ ಓದ್ತಿಲ್ಲ, ಡೂಪ್ಲಿಕೇಟ್ ಅಂತ ವಾಪಸ್ ತರೋರೇ ಹೆಚ್ಚು. ಡೂಪ್ಲಿಕೇಟೂ ಇವೆ, ಅದಕ್ಕೇ ಒಂದರ ಬದಲು ಎರಡು ತಂದು ಪರೀಕ್ಷೆ ಮಾಡಿ. ಡಿಸ್ಕು ಕೂರುವ ತಟ್ಟೆ ಕೀಳಬೇಕಾದರೆ ಮೊದಲು ಅದರ ಎತ್ತರವನ್ನ ವರ್ನಿಯರಲ್ಲಿ ಅಳೆದು ಬರೆದಿಟ್ಟುಕೊಳ್ಳಿ, ಮತ್ತೆ ಒತ್ತಿ ಕೂರಿಸೋವಾಗ ಅಷ್ಟೇ ಎತ್ತರಕ್ಕೆ ಬರಬೇಕು.

ಬಂಗಾರಪೇಟೆ:
ಇಷ್ಟೆಲ್ಲಾ ಯಾಕೆ, ಪಿಕಪ್ ಪಕ್ಕದಲ್ಲಿರೋ ಪುಟ್ಟ ಪ್ರಿಸೆಟ್ (ಸ್ಕ್ರೂಡ್ರೈವರಲ್ಲಿ ತಿರುಗಿಸೋ ತಿರುಪು) ಕಾಲು ಸುತ್ತು ತಿರುಗಿಸಿದರೆ ಎಗರೋದು ನಿಲ್ಲುತ್ತೆ.

ಕೆಜಿಎಫ್:
ದಯವಿಟ್ಟು ಇಂಥದ್ದು ಬರೀಬೇಡಿ ಅಣ್ಣ. ಅದು ಲೇಸರಿನ ಕರೆಂಟ್ ಏರಿಸೋ ಪ್ರಿಸೆಟ್. ಏರಿಸಿದರೆ ಕೆಲವು ವಾರ ಚೆನ್ನಾಗಿ ಓಡಿ ಡಯೋಡೇ ಸುಟ್ಟುಹೋಗುತ್ತೆ. ಆಸಿಲೋಸ್ಕೋಪಲ್ಲಿ ಆರ್‌ಎಫ್ ಅಲೆ (ಪಿಕಪ್ ಡಿಸ್ಕಿಂದ ಓದಿದ ಸಂಕೇತ) ನೋಡಿ, ಸರ್ವಿಸ್ ಮ್ಯಾನುಯಲ್ ಹೇಳಿದಷ್ಟು ಬರುತ್ತಾ, ನಡುವೆ ಡೈಮಂಡ್ ಆಕಾರ ಸ್ಪಷ್ಟ ಇದೆಯಾ ಅಂತ ನೋಡದೆ ಅದನ್ನ ಮುಟ್ಟಬಾರದು. ಗ್ರೀಸಿನ ತೊಂದರೆಗೆ ಲೇಸರ್ ಸುಡೋದು ಯಾವ ನ್ಯಾಯ?

ಗೌರಿಬಿದನೂರು:
ಅಂಗಡೀಲಿ ಕೇಳಿ ಚೆನ್ನಾಗಿದೆ ಅನ್ನಿಸಿದರೆ ಅದನ್ನ ನಂಬಬೇಡಿ. ಸಿಡಿ ಪ್ಲೇಯರ್‌ಗೆ ರೂಢಿಯ ಔಟ್‌ಪುಟ್ 2 ವೋಲ್ಟ್. ದುಬಾರಿ ಯಂತ್ರ 2.3 ಕೊಟ್ಟರೆ 1.2 ಡೆಸಿಬೆಲ್ ಜೋರು. ಅಷ್ಟು ಜೋರಾದರೆ ಕಿವಿಗೆ ಅದು ಜೋರು ಅಂತ ಗೊತ್ತಾಗಲ್ಲ, ಸೊಗಸು ಅಂತ ಗೊತ್ತಾಗುತ್ತೆ. ಹಳೇ ಪ್ಲೇಯರನ್ನ ಜೊತೇಲಿ ಒಯ್ಯಿರಿ. 1 ಕಿಲೋಹರ್ಟ್ಜ್ ಸ್ವರ ಇರೋ ಡಿಸ್ಕ್ ಎರಡರಲ್ಲೂ ಹಾಕಿ, ಸ್ಪೀಕರ್ ತುದಿಯಲ್ಲಿ ಮಲ್ಟಿಮೀಟರನ್ನ ಎಸಿ ವೋಲ್ಟಿಗಿಟ್ಟು ಅಳೀರಿ. ಎರಡರ ಓದೂ ಒಂದು ಪರ್ಸೆಂಟ್ ಒಳಗೆ ಬರೋ ಹಾಗೆ ವಾಲ್ಯೂಮ್ ಹೊಂದಿಸಿ. ಆಮೇಲೆ ಯಾವುದು ಯಾವುದು ಅಂತ ಹೇಳದೆ ಬೇರೆಯವರ ಕೈಲಿ ಬದಲಾಯಿಸಿ ಕೇಳಿ. ತಂಬೂರಿ ಒಂದೇ ಇರೋ ಭಾಗ ಒಳ್ಳೇ ಪರೀಕ್ಷೆ. ತಿಪಟೂರಿನವರು ಹೇಳೋ ಮಂದ್ರದ ತಂತಿ ಈ ಅಳತೆ ಆದಮೇಲೂ ಬೇರೆ ಕೇಳಿಸ್ತಾ?

ತಿಪಟೂರು:
ಕೇಳಿಸುತ್ತೆ. ಮೀಟರ್ ಹಿಡಿದು ಸಂಗೀತ ಕೇಳೋರಿಗೆ ಏನು ಹೇಳೋದು. ಇಪ್ಪತ್ತು ವರ್ಷದ ಕೇಳ್ಮೆಗೆ ಬೆಲೆ ಇಲ್ಲವಾ?

ಗೌರಿಬಿದನೂರು:
ಬೆಲೆ ಇದೆ ಸರ್, ಅದಕ್ಕೇ ವಾಲ್ಯೂಮ್ ಸಮ ಮಾಡಿ ಆ ಕೇಳ್ಮೆಗೆ ನ್ಯಾಯ ಕೊಡಿ ಅಂತಿರೋದು.

ಶಿರಾ:
ಇವರ ಜಗಳದಲ್ಲಿ ಕರೆಂಟ್ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕಡೆ ಸಂಜೆ 175 ವೋಲ್ಟ್, ರಾತ್ರಿ ಪಂಪ್‌ಸೆಟ್ ನಿಂತ ಮೇಲೆ 255. ಜಪಾನಿನ ಹಳೇ ಮಾಲು ಅಗ್ಗಕ್ಕೆ ಸಿಗುತ್ತೆ ಅಂತ ತಂದರೆ ಅದು 100 ವೋಲ್ಟಿನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸಿಕ್ಕಿಸಿದರೆ ಒಂದೇ ಕ್ಷಣ. ಟ್ರಾನ್ಸ್‌ಫಾರ್ಮರ್ ಹಾಕಿದರೂ 255 ಬಂದಾಗ ಆ ಕಡೆ 110 ದಾಟುತ್ತೆ. ಅದಕ್ಕೆ ಮೋಟಾರ್‌ನಿಂದ ವೋಲ್ಟೇಜನ್ನ ನಯವಾಗಿ ಸರಿಪಡಿಸೋ 1 ಕೆವಿಎ ಸರ್ವೋ ಸ್ಟೆಬಿಲೈಸರ್ ಮೊದಲು, ಪ್ಲೇಯರ್ ಆಮೇಲೆ. ರಿಲೇ ಸ್ಟೆಬಿಲೈಸರ್ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತೆ, ಟಕ್ ಅಂದಾಗೆಲ್ಲ ಸ್ಪೀಕರಲ್ಲೂ ಟಕ್ ಬರುತ್ತೆ. ಸ್ಕ್ವೇರ್ ವೇವ್ ಯುಪಿಎಸ್ ಮೇಲಂತೂ ಓಡಿಸಲೇಬೇಡಿ, ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತೆ.

ಕೆಜಿಎಫ್:
30, 40 ವಾಟ್ ಎಳೆಯೋ ಯಂತ್ರಕ್ಕೆ 1 ಕೆವಿಎ ಯಾಕೆ? ಸರ್ವೋದಲ್ಲಿ ಕಾರ್ಬನ್ ಬ್ರಷ್ ಉಜ್ಜುತ್ತಾ ಓಡುತ್ತೆ. ಕ್ರಷರ್ ಧೂಳು ಇರೋ ಊರಲ್ಲಿ ಆರು ತಿಂಗಳಿಗೊಮ್ಮೆ ಊದಿ ತೆಗೀಬೇಕು, ಇಲ್ಲದಿದ್ದರೆ ಕಿಡಿ ಹಾರುತ್ತೆ. ಅದನ್ನ ಮಾಡೋರು ಎಷ್ಟು ಜನ?

ಶಿರಾ:
ನಾನು ಮಾಡ್ತೀನಿ. ಆಂಪ್ಲಿಫೈಯರನ್ನೂ ಅದರ ಮೇಲೇ ಹಾಕಬೇಕು ಅಂತ 1 ಕೆವಿಎ ಹೇಳಿದ್ದು, ಪೂರ್ತಿ ಯೋಚನೆ ಮಾಡದೆ ಬರೆದಿಲ್ಲ.

ಕೆಜಿಎಫ್:
ಹಾಗಾದರೆ ನ್ಯೂಟ್ರಲ್ ಕಟ್ ಆದಾಗ ಏನು ಗತಿ ಅದನ್ನೂ ಬರೀರಿ. ಕಂಬದಲ್ಲಿ ನ್ಯೂಟ್ರಲ್ ಸಡಿಲ ಆದರೆ ಒಂದು ಫೇಸಿನ ಮನೆಗೆ 400ರ ಹತ್ರ ಬರಬಹುದು. ಅದಕ್ಕೆ ಸ್ಟೆಬಿಲೈಸರ್ ಸಾಲದು, 270ಕ್ಕೆ ಬಿಡಿಸೋ ಓವರ್‌ವೋಲ್ಟೇಜ್ ಕಟ್ಟಾಫ್ ಮೀಟರ್ ಬೋರ್ಡ್ ಪಕ್ಕದಲ್ಲೇ ಇರಬೇಕು.

ತುಮಕೂರು, ಎಸ್‌ಐಟಿ ಬಡಾವಣೆ:
ಎಲ್ಲರಿಗೂ ಧನ್ಯವಾದ. ಭಾನುವಾರ ಬಿಚ್ಚಿದೆ. ಕಂಬಿಯ ಹೊರತುದಿಯಲ್ಲಿ ಕೆಜಿಎಫ್‌ನವರು ಹೇಳಿದ ಹಳದಿ ಸಿಪ್ಪೆಯೇ ಇತ್ತು. ಒರೆಸಿ ಗ್ರೀಸು ಹಾಕಿದ ಮೇಲೆ ಎಗರ್ತಿದ್ದ ಒಂಬತ್ತು ಡಿಸ್ಕಲ್ಲಿ ಏಳು ಕೊನೇವರೆಗೂ ಓಡಿದವು. ಉಳಿದ ಎರಡರ ಅಂಚಲ್ಲಿ ಬಲ್ಬಿನ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ಅಂಗಡಿಯವರಿಗೆ ಮೆಕ್ಯಾನಿಸಂ ಹೆಸರು, ಪಿಕಪ್ ನಂಬರ್ ಕೇಳಿ ಬರೆದಿದೀನಿ, ಉತ್ತರ ಬಂದಿಲ್ಲ. ಪ್ಲೇಯರ್ ಡಬ್ಬಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ, ಅದು ಮೊದಲಿಂದಲೂ ಇದೆ. ಅದಕ್ಕೂ ಈ ಎಗರೋದಕ್ಕೂ ಸಂಬಂಧ ಇದೆಯಾ?

ಶಿರಾ:
ಎಗರೋದಕ್ಕೆ ಸಂಬಂಧ ಇಲ್ಲ. ಆದರೆ ಅರ್ಥಿಂಗ್ ಇಲ್ಲ ಅಂತ ಅನುಮಾನ. ಸಾಕೆಟಲ್ಲಿ ಫೇಸ್‌ಗೂ ಅರ್ಥ್‌ಗೂ ಎಷ್ಟು, ನ್ಯೂಟ್ರಲ್‌ಗೂ ಅರ್ಥ್‌ಗೂ ಎಷ್ಟು ಬರುತ್ತೆ ಅಳೆದು ಹಾಕಿ. ಗೊತ್ತಿರೋ ವೈರ್‌ಮನ್ ಕೈಲಿ ಅಳೆಸಿದರೆ ಒಳ್ಳೇದು. ಫ್ರಿಜ್ ಮತ್ತು ಪಂಪ್ ಓಡ್ತಿರೋವಾಗ ಒಂದು ಸಲ, ನಿಂತಾಗ ಒಂದು ಸಲ.

ಕೆಜಿಎಫ್:
ಆಂಪ್ಲಿಫೈಯರಿನ ಪ್ಲಗ್ ಎರಡು ಪಿನ್ನಿನದಾ, ಮೂರರದಾ ಅದನ್ನೂ ಬರೀರಿ. ಹಾಗೇ ಆ ಎರಡು ಡಿಸ್ಕನ್ನ ಇವತ್ತೇ ಚಿಂತಾಮಣಿಯವರು ಹೇಳಿದ ಹಾಗೆ 4 ಪಟ್ಟಿನ ವೇಗದಲ್ಲಿ ಓದಿಸಿ ಇಟ್ಕೊಳ್ಳಿ. ಚುಕ್ಕಿ ಒಳಕ್ಕೆ ಹರಡ್ತಾ ಹೋಗುತ್ತೆ, ಮುಂದಿನ ಮಳೆಗಾಲಕ್ಕೆ ಇಷ್ಟೂ ಸಿಗದೇ ಹೋಗಬಹುದು.