ಅಪ್‌ಡೇಟ್: ಹೆಡ್‌ಲೈಟ್ ಹಾಕಿದರೆ ಸುಟ್ಟ ವಾಸನೆ, ಕಾರಣ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ಲೈಟ್ ಮಂಕು ಅಂತ ಹಳೇ ಕಾರಿಗೆ 100/90 ವ್ಯಾಟ್ (ಹೈ ಬೀಮ್ 100, ಲೋ ಬೀಮ್ 90) ಬಲ್ಬ್ ಹಾಕಿಸಿದ ಮೇಲೆ ಚಾರ್ಮಾಡಿ ಘಾಟಿಯಲ್ಲಿ ಸುಟ್ಟ ವಾಸನೆ ಬಂತು ಅಂತ? ಬಿಚ್ಚಿ ನೋಡಿದರೆ ಬಲ್ಬ್ ಹೋಲ್ಡರ್ ಕರಗಿ ಅಂಟಿಕೊಂಡಿತ್ತು. ಸ್ಟೀರಿಂಗ್ ಪಕ್ಕದ ಲೈಟ್ ಸ್ವಿಚ್ ಒಳಗೂ ಕಪ್ಪು.

"ದೊಡ್ಡ ಫ್ಯೂಸ್ ಹಾಕಿ" ಅಂದವರ ಮಾತು ಕೇಳಿದ್ದು ನನ್ನ ದಡ್ಡತನ. ಫ್ಯೂಸ್ ಹೋಗಲಿಲ್ಲ, ಅದರ ಬದಲು ವೈರೇ ಬೆಂದಿತು. ಎರಡು 100 ವ್ಯಾಟ್ ಬಲ್ಬ್ ಅಂದರೆ 12 ವೋಲ್ಟ್‌ನಲ್ಲಿ 16 ಆಂಪಿಯರ್‌ಗೂ ಜಾಸ್ತಿ. ನನ್ನ ಕಾರಿನಲ್ಲಿ ರಿಲೇ (ಸ್ವಿಚ್‌ನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಭಾಗ) ಇರಲಿಲ್ಲ, ಅಷ್ಟೂ ಕರೆಂಟ್ ಆ ಪುಟ್ಟ ಸ್ವಿಚ್ ಮೂಲಕವೇ ಹೋಗುತ್ತಿತ್ತು!

ಕೆಲಸಕ್ಕೆ ಬಂದದ್ದು ರಿಲೇ ಸಲಹೆ. ಬ್ಯಾಟರಿಯಿಂದ ನೇರ ದಪ್ಪ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಲೋ ಬೀಮ್‌ಗೊಂದು ಹೈ ಬೀಮ್‌ಗೊಂದು ರಿಲೇ, ಸೆರಾಮಿಕ್ ಹೋಲ್ಡರ್. ಅರ್ಧ ದಿನದ ಕೆಲಸ.

ತಮಾಷೆ ಏನು ಗೊತ್ತಾ? ಮೊದಲು ಲೈಟ್ ಮಂಕಾಗಿದ್ದಕ್ಕೆ ಬಲ್ಬ್ ಕಾರಣವೇ ಅಲ್ಲ. ಲೈಟಿನ ಅರ್ತ್ ವೈರನ್ನು ಕಾರಿನ ಬಾಡಿಗೆ ಸೇರಿಸುವ ಬೋಲ್ಟ್ ತುಕ್ಕು ಹಿಡಿದಿತ್ತು. ಇಂಜಿನ್ ಓಡುವಾಗಲೂ ಬಲ್ಬ್ ಹತ್ತಿರ 10.8 ವೋಲ್ಟ್ ಅಷ್ಟೇ ಬರುತ್ತಿತ್ತು, ಈಗ 13.2. ಕಂಪನಿಯ 60/55 ಬಲ್ಬನ್ನೇ ವಾಪಸ್ ಹಾಕಿದ್ದೇನೆ, ಘಾಟಿಗೆ ಧಾರಾಳವಾಗಿ ಸಾಕು. ಸ್ವಿಚ್ ಮಾತ್ರ ಹೊಸದು ತರಬೇಕಾಯಿತು.