‘ರಿಮೆಂಬರ್ ದ ಟೈಟನ್ಸ್’ ತೋರಿಸಿದರೆ ಇತಿಹಾಸ ಕಲಿಸಿದಂತಾಯಿತೇ?

ಸುಮಾ, ವರ್ಜೀನಿಯಾ
ನನ್ನ ಮಗ ಎಂಟನೇ ಕ್ಲಾಸು. ಹೋದ ವಾರ ಮೂರು ಪೀರಿಯಡ್ ‘ರಿಮೆಂಬರ್ ದ ಟೈಟನ್ಸ್’ ತೋರಿಸಿದರು. 2000ದಲ್ಲಿ ಬಂದ ಸಿನಿಮಾ, ಡೆನ್ಜೆಲ್ ವಾಷಿಂಗ್ಟನ್ ಕೋಚ್ ಹರ್ಮನ್ ಬೂನ್ ಆಗಿದ್ದಾರೆ. 1971ರಲ್ಲಿ ಅಲೆಕ್ಸಾಂಡ್ರಿಯಾದ ಟಿ.ಸಿ. ವಿಲಿಯಮ್ಸ್ ಹೈಸ್ಕೂಲಿನ ಕಪ್ಪು, ಬಿಳಿ ಹುಡುಗರು ಒಂದೇ ಅಮೆರಿಕನ್ ಫುಟ್‌ಬಾಲ್ ತಂಡವಾದ ಕಥೆ. ನಮ್ಮ ಮನೆಯಿಂದ ಆ ಶಾಲೆಗೆ ಕಾರಲ್ಲಿ ಅರ್ಧ ಗಂಟೆ. ಸಿನಿಮಾ ಮುಗಿದ ಮೇಲೆ ಕೊಟ್ಟ ಪ್ರಶ್ನೆಗೆ ಮಗ ಬರೆದ ಉತ್ತರ: ‘ಕ್ಯಾಂಪಿಗೆ ಹೋದರು, ಜಗಳ ಆಡಿದರು, ಫ್ರೆಂಡ್ಸ್ ಆದರು, ಗೆದ್ದರು, ರೇಸಿಸಂ ಹೋಯಿತು.’ ಪೂರ್ತಿ ಅಂಕ ಬಂದಿದೆ. ಓದಿ ಸಂಕಟವಾಯಿತು. ಇದೇ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಕಪ್ಪು ಮಕ್ಕಳನ್ನು ಜೊತೆಗೆ ಕೂರಿಸಬೇಕಾಗುತ್ತದೆ ಅಂತ 1959ರಿಂದ ಐದು ವರ್ಷ ಸರ್ಕಾರಿ ಶಾಲೆಗಳಿಗೇ ಬೀಗ ಜಡಿದಿದ್ದರು. ಅದರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಈ ಸಿನಿಮಾವನ್ನು ಪಾಠ ಅನ್ನಬಹುದೇ?

ರಾಘು, ಪಿ.ಇ. ಮೇಷ್ಟ್ರು
‘ಫ್ರೆಂಡ್ಸ್ ಆದರು’ ಅನ್ನೋದನ್ನ ಹಗುರವಾಗಿ ನೋಡಬೇಡಿ ಮೇಡಂ. ಹದಿನೆಂಟು ವರ್ಷದಿಂದ ಮಕ್ಕಳಿಗೆ ಖೋಖೋ, ವಾಲಿಬಾಲ್ ಆಡಿಸ್ತಿದೀನಿ. ಬೇರೆ ಬೇರೆ ಕೇರಿಯ ಹುಡುಗರು ಒಂದೇ ಲೋಟದಲ್ಲಿ ನೀರು ಕುಡಿಯೋ ಹಾಗೆ ಮಾಡೋಕೆ ಎಷ್ಟು ದಿನ ಹಿಡಿಯುತ್ತೆ ಅಂತ ನನಗೆ ಗೊತ್ತು. ಸಿನಿಮಾದಲ್ಲಿ ಬೂನ್ ಏನು ಮಾಡ್ತಾರೆ? ಬಸ್ಸಲ್ಲಿ ಬಣ್ಣ ನೋಡಿ ಕೂತಿದ್ದವರನ್ನ ಇಳಿಸಿ, ದಾಳಿ ಆಟಗಾರರು ಒಂದು ಬಸ್, ರಕ್ಷಣೆ ಆಟಗಾರರು ಇನ್ನೊಂದು ಬಸ್ ಅಂತಾರೆ. ರೂಮಿಗೆ ಒಬ್ಬ ಕಪ್ಪು, ಒಬ್ಬ ಬಿಳಿ. ಅದು ಕೋಚಿಂಗು. ಆಮೇಲೆ ಬೆಳಗಿನ ಜಾವ ಗೆಟಿಸ್‌ಬರ್ಗ್ ಸ್ಮಶಾನಕ್ಕೆ ಓಡಿಸ್ಕೊಂಡು ಹೋಗಿ, 1863ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಇಲ್ಲಿ ಸತ್ತವರು ಯಾವ ಜಗಳಕ್ಕೆ ಸತ್ತರೋ ಅದನ್ನೇ ನೀವು ಇನ್ನೂ ಆಡ್ತಿದೀರಿ ಅಂತ ತೋರಿಸ್ತಾರಲ್ಲ, ಆ ದೃಶ್ಯ ಒಂದೇ ಸಾಕು.

ಅನಂತ ಕೆ.
‘ಒಂದೇ ಸಾಕು’ ಎನ್ನುವ ಮೊದಲು ನಿಜ ಏನೆಂದು ನೋಡಿ. ಟಿ.ಸಿ. ವಿಲಿಯಮ್ಸ್ 1965ರಲ್ಲಿ ಬಾಗಿಲು ತೆರೆದಾಗಿನಿಂದಲೂ ಅಲ್ಲಿ ಎರಡೂ ಬಣ್ಣದ ವಿದ್ಯಾರ್ಥಿಗಳಿದ್ದರು. 1971ರಲ್ಲಿ ಆದದ್ದು ಮೂರು ಹೈಸ್ಕೂಲುಗಳ ವಿಲೀನ. ಹ್ಯಾಮಂಡ್, ಜಾರ್ಜ್ ವಾಷಿಂಗ್ಟನ್ ಶಾಲೆಗಳ ಹನ್ನೊಂದು, ಹನ್ನೆರಡನೇ ತರಗತಿಯವರನ್ನೆಲ್ಲ ಇಲ್ಲಿಗೆ ತಂದರು. ಸಿನಿಮಾದಲ್ಲಿ ಇದೇ ಶಾಲೆಯ ಹಳೆಯ ಕೋಚ್ ಎಂಬಂತೆ ಕಾಣುವ ಬಿಲ್ ಯೋಸ್ಟ್ ನಿಜಕ್ಕೂ ಹ್ಯಾಮಂಡ್ ಶಾಲೆಯವರು. ಫೈನಲ್ ಕೊನೇ ಕ್ಷಣದವರೆಗೂ ಎಳೆದಾಡುವುದು ಬರೀ ಕಟ್ಟುಕಥೆ. ಆಂಡ್ರ್ಯೂ ಲೂಯಿಸ್ ಶಾಲೆಯನ್ನು 27-0ಯಿಂದ ಸೋಲಿಸಿದ್ದರು, ಸೀಸನ್ ಪೂರ್ತಿ 13 ಆಟ, 13 ಗೆಲುವು. ಮೂರು ಶಾಲೆಯ ಆಯ್ದ ಹುಡುಗರು ಒಂದೇ ತಂಡದಲ್ಲಿದ್ದರೆ ಇನ್ನೇನಾಗುತ್ತದೆ? ನಾಯಕ ಗೆರಿ ಬರ್ಟಿಯರ್‌ಗೆ ಕಾರು ಅಪಘಾತವಾದದ್ದು ಸೀಸನ್ ಮುಗಿದ ಮೇಲೆ, ಡಿಸೆಂಬರಿನಲ್ಲಿ. ಸಿನಿಮಾ ಅದನ್ನು ಫೈನಲ್‌ಗೂ ಮುಂಚೆ ತಂದು ಅಳಿಸುತ್ತದೆ.

ಬಸು, ಧಾರವಾಡ
ತಾರೀಖ ಎಣಸ್ಕೋತ ಕುಂತ್ರ ಸಿನಿಮಾ ಯಾವಾಗ ನೋಡೋದ್ರಿ ಅನಂತ ಅವರ? ಆ ಕಾಲದಾಗ ಒಬ್ಬ ಕರಿಯ ಕೋಚ್ ಆಗಿ ಬಂದು ಬಿಳಿಯರ ಹುಡುಗರಿಗೆ ಹುಕುಂ ಮಾಡಿದ್ದು ಸಣ್ಣ ಮಾತಲ್ಲ. ಬಿಳಿಯರು ಅವರ ಮನಿ ಕಿಡಕಿ ಒಡದ್ರು. ಕರಿಯರು ಅಷ್ಟು ತಡಕೊಂಡು ಆಡಿದ್ರಲ್ಲ, ಅದನ್ನ ಹೇಳ್ರಿ.

ಅನಂತ ಕೆ.
ಸಿನಿಮಾದಲ್ಲಿ ಕಿಟಕಿಗೆ ಎಸೆಯುವುದು ಇಟ್ಟಿಗೆ. ನಿಜವಾಗಿ ಬೂನ್ ಮನೆಗೆ ಎಸೆದದ್ದು ಹಳೇ ಟಾಯ್ಲೆಟ್ ಕಮೋಡು. ಆ ಅವಮಾನವನ್ನು ಸಿನಿಮಾ ತೆಗೆದ ಡಿಸ್ನಿ ಇಟ್ಟಿಗೆ ಮಾಡಿತು. ನನ್ನ ಮಾತು ಇದೇ.

ಸುಮಾ, ವರ್ಜೀನಿಯಾ
ಬಸು ಅವರೇ, ‘ಕರಿಯ’ ಅಂತ ಬರೆಯಬೇಡಿ, ದಯವಿಟ್ಟು. ಇಲ್ಲಿ ನಮ್ಮ ಕನ್ನಡದವರ ಮನೆಗಳಲ್ಲೇ ಕೇಳಿದ್ದೇನೆ. ಅಂಗಡಿಯಲ್ಲಿ, ಪಾರ್ಕಿನಲ್ಲಿ, ಎದುರಿಗಿರುವವರಿಗೆ ಭಾಷೆ ಬರುವುದಿಲ್ಲ ಅನ್ನುವ ಧೈರ್ಯದಲ್ಲಿ ‘ಕರಿಯ ಬಂದ ನೋಡು’ ಅಂತ ಪಿಸುಗುಟ್ಟುತ್ತಾರೆ. ಮಕ್ಕಳು ಅದನ್ನು ಬೈಗುಳವಾಗಿಯೇ ಕಲಿಯುತ್ತವೆ.

ಬಸು, ಧಾರವಾಡ
ಪಿಸುಗುಟ್ಟೋದು ನಿಮ್ಮ ಕಡೆಯವರ ತಪ್ಪು, ಶಬ್ದದ್ದು ಏನ್ ತಪ್ಪೈತ್ರಿ? ನಮ್ಮ ಅಜ್ಜನ ಹೆಸರು ಕರಿಯಪ್ಪ. ಊರಾಗ ಕರಿಯಮ್ಮನ ಗುಡಿ ಐತಿ. ಹೆಣ್ಣಮಕ್ಕಳ ಕೊರಳಾಗ ಕರಿಮಣಿ ಐತಿ. ಕರ್ನಾಟಕ ಅಂದ್ರನ ಕರಿ ಮಣ್ಣಿನ ನಾಡು ಅಂತ ತಿಳಿದವರು ಅರ್ಥ ಹೇಳ್ಯಾರ. ಕರಿ ಅನ್ನೋದು ನಮಗ ಬೈಗುಳ ಅಲ್ಲ.

ಅನಂತ ಕೆ.
ವ್ಯಾಕರಣದಲ್ಲಿ ಬಸು ಅವರದ್ದು ಸರಿ. ಬಿಳಿಯ, ಬಿಳಿಯರು, ಕರಿಯ, ಕರಿಯರು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದಕ್ಕೆ ಆಧಾರವಿಲ್ಲ.

ವಿನುತಾ ಎಂ.
ಆಧಾರ ವ್ಯಾಕರಣದಲ್ಲಿಲ್ಲ, ಬಳಕೆಯಲ್ಲಿದೆ. ಮದುವೆ ಮಾತುಕತೆಯಲ್ಲಿ ‘ಹುಡುಗಿ ಸ್ವಲ್ಪ ಕಪ್ಪು’ ಅನ್ನುವುದನ್ನೇ ದನಿ ತಗ್ಗಿಸಿ ಹೇಳುವ ಊರು ನಮ್ಮದು. ಕರಿಯಪ್ಪ ಅಂತ ದೇವರ ಹೆಸರಿಟ್ಟಿದ್ದೇವೆ ಅಂದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಇನ್ನೊಬ್ಬರನ್ನು ಏನೆಂದು ಕರೆಯಬೇಕು ಅನ್ನುವುದನ್ನು ಅವರೇ ಹೇಳಬೇಕು. ಗಾಂಧೀಜಿ ‘ಹರಿಜನ’ ಅಂದರು, ಜನ ‘ದಲಿತ’ ಅನ್ನುವುದನ್ನು ಆರಿಸಿಕೊಂಡರು. ಅಮೆರಿಕದಲ್ಲಿಯೂ ‘ನೀಗ್ರೋ’ ಅನ್ನುವುದನ್ನು ಬಿಟ್ಟು ‘ಬ್ಲ್ಯಾಕ್’ ಅಂತ ತಾವೇ ಎದೆತಟ್ಟಿ ಹೇಳಿಕೊಂಡರು. 1966ರಲ್ಲಿ ಕಪ್ಪು ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಮಿಸಿಸಿಪ್ಪಿಯಲ್ಲಿ ‘ಬ್ಲ್ಯಾಕ್ ಪವರ್’ ಎಂದು ಕೂಗಿದ್ದು ಅದಕ್ಕೇ. ಟೈಟನ್ಸ್ ಹುಡುಗರು ಅದೇ ಗಾಳಿಯಲ್ಲಿ ಬೆಳೆದವರು.

ಅನಂತ ಕೆ.
‘ತಾವೇ ಹೇಳಿಕೊಂಡರು’ ಎಂದಾದರೆ, 1988ರಲ್ಲಿ ಅವರದೇ ನಾಯಕ ಜೆಸ್ಸಿ ಜಾಕ್ಸನ್ ‘ಆಫ್ರಿಕನ್ ಅಮೆರಿಕನ್’ ಎನ್ನಬೇಕೆಂದು ಕೇಳಿಕೊಂಡರು. ಹಾಗಿದ್ದರೆ ನೀವು ಬರೆಯುವ ‘ಕಪ್ಪು’ ಕೂಡ ಹಳೆಯದಾಯಿತಲ್ಲ?

ವಿನುತಾ ಎಂ.
ಇಂದಿಗೂ ಎರಡನ್ನೂ ಹೇಳುತ್ತಾರೆ. ನೀವು ಸುಮಾ ಹೇಳಿದ್ದಕ್ಕೆ ಉತ್ತರ ಕೊಡದೆ ಪಕ್ಕಕ್ಕೆ ಸರಿಯುತ್ತಿದ್ದೀರಿ.

ಬಸು, ಧಾರವಾಡ
‘ಹುಡುಗಿ ಕಪ್ಪು’ ಅಂತ ನೀವ ಬರದ್ರಿ ವಿನುತಾ ಅವರ. ಕಪ್ಪು ಅಂದ್ರೂ ಬೈಗುಳ, ಕರಿ ಅಂದ್ರೂ ಬೈಗುಳ ಅಂದ್ರ ನಾವು ಯಾವ ಶಬ್ದ ಆಡಬೇಕು? ನಮ್ಮ ಭಾಷಾನ ತಪ್ಪು ಅನ್ನೋ ಹಂಗ ಮಾತಾಡಬ್ಯಾಡ್ರಿ. ಸಿಟ್ಟ ಬರ್ತೈತಿ.

ಯಲ್ಲಾಪುರದವ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಸಿದ್ದಿ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದು ಎಷ್ಟೋ ತಲೆಮಾರಾಯಿತು, ನಮ್ಮ ಮನೆಮಾತಲ್ಲಿ ಕೊಂಕಣಿ, ಕನ್ನಡ ಎಲ್ಲ ಇದೆ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರದವರು ನಮ್ಮ ಕಾಡಿಗೆ ಬಂದು, ಸಿದ್ದಿ ಹುಡುಗ ಹುಡುಗಿಯರು ಓಟಕ್ಕೆ ಹುಟ್ಟಿದವರು ಅಂತ ಆರಿಸಿ ತರಬೇತಿಗೆ ಕರೆದುಕೊಂಡು ಹೋದರು. ಕೆಲವು ವರ್ಷಕ್ಕೆ ಯೋಜನೆ ನಿಂತಿತು, ಎಷ್ಟೋ ಜನ ವಾಪಸ್ ಕೂಲಿಗೆ ಬಂದರು. ನಾನು ಹೈಸ್ಕೂಲಲ್ಲಿ ಓಡುವಾಗ ಮೈದಾನದ ಸುತ್ತ ‘ಓಡೋ ಕರಿಯಾ, ಓಡೋ’ ಅನ್ನುತ್ತಿದ್ದರು. ಗೆದ್ದರೆ ಚಪ್ಪಾಳೆ. ಮಾರನೇ ದಿನ ಕ್ಲಾಸಿನಲ್ಲಿ ಅದೇ ಶಬ್ದ, ಚಪ್ಪಾಳೆ ಇಲ್ಲ. ಬಸು ಅಣ್ಣ, ನಿಮ್ಮ ಅಜ್ಜನ ಹೆಸರಿಗೆ ಅಪ್ಪ ಅಂತ ಸೇರಿದೆ. ನಮಗೆ ಯಾರೂ ಅದನ್ನು ಸೇರಿಸಲಿಲ್ಲ.

ಬಸು, ಧಾರವಾಡ
ಚಪ್ಪಾಳಿ ಹೊಡದವರು ಪ್ರೀತಿಲೆ ಕರದಿರಬಹುದು ತಮ್ಮಾ. ಎಲ್ಲಾರ್ನೂ ಒಂದ ತಕ್ಕಡ್ಯಾಗ ತೂಗಬ್ಯಾಡ.

ವಿನುತಾ ಎಂ.
ಅವರಿಗೆ ನೋವಾಗಿದೆ ಅಂತ ಅವರೇ ಹೇಳಿದ ಮೇಲೆ ಅದು ಪ್ರೀತಿ ಅಂತ ನೀವು ತೀರ್ಮಾನ ಮಾಡುತ್ತೀರಾ? ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಬಸು, ಧಾರವಾಡ
ನಾ ತೀರ್ಮಾನ ಮಾಡಿಲ್ಲ. ‘ಇರಬಹುದು’ ಅಂದೇನಿ. ಪೂರ್ತಿ ಓದ್ರಿ.

ರಾಘು, ಪಿ.ಇ. ಮೇಷ್ಟ್ರು
ಎಲ್ಲರೂ ಸ್ವಲ್ಪ ಸಮಾಧಾನ. ಸಿನಿಮಾದಲ್ಲೇ ಇದಕ್ಕೆ ಉತ್ತರ ಇದೆ. ಆಸ್ಪತ್ರೆಯಲ್ಲಿ ನರ್ಸು ‘ಬಂಧುಗಳಿಗೆ ಮಾತ್ರ ಪ್ರವೇಶ’ ಅಂತ ತಂಡದ ಕಪ್ಪು ಹುಡುಗ ಜೂಲಿಯಸ್ ಕ್ಯಾಂಪ್‌ಬೆಲ್‌ನ ತಡೀತಾಳೆ. ಹಾಸಿಗೆ ಮೇಲಿರೋ ಬಿಳಿ ಹುಡುಗ ಗೆರಿ, ಅವನು ನನ್ನ ತಮ್ಮ, ಹೋಲಿಕೆ ಕಾಣ್ತಿಲ್ವಾ ಅಂತಾನೆ. ನಮ್ಮ ಹುಡುಗರು ಆ ಜಾಗದಲ್ಲಿ ಅತ್ತಿದಾರೆ. ಹೆಸರು ಏನು ಅನ್ನೋದಕ್ಕಿಂತ ಸಂಬಂಧ ಏನು ಅಂತ ಅದು ಕಲಿಸುತ್ತೆ.

ಅನಂತ ಕೆ.
ಮತ್ತೆ ಆಸ್ಪತ್ರೆ. ಆ ಅಪಘಾತದ ಹೊತ್ತಿಗೆ ಟ್ರೋಫಿ ಗೆದ್ದಾಗಿತ್ತು ಎಂದು ಮೇಲೆಯೇ ಬರೆದೆ. ಗೆರಿ ಗಾಲಿಕುರ್ಚಿಯಲ್ಲಿ ಗುಂಡು ಎಸೆತದಲ್ಲಿ ಪದಕ ಗೆದ್ದು, 1981ರಲ್ಲಿ ಇನ್ನೊಂದು ಕಾರು ಅಪಘಾತದಲ್ಲಿ ತೀರಿಕೊಂಡರು. ಸಿನಿಮಾ ಆ ಹತ್ತು ವರ್ಷವನ್ನು ಕೊನೆಯಲ್ಲಿ ಎರಡು ಮಾತಿಗೆ ಇಳಿಸಿತು. ಬೂನ್ ಅವರದ್ದೂ ಹಾಗೆಯೇ. ಆಟಗಾರರನ್ನು ಒರಟಾಗಿ ನಡೆಸಿಕೊಳ್ಳುತ್ತಾರೆ ಎಂಬ ದೂರುಗಳ ನಡುವೆ 1979ರಲ್ಲಿ ಅವರನ್ನು ಕೋಚ್ ಕೆಲಸದಿಂದ ತೆಗೆದರು. ಅದನ್ನು ಯಾವ ಮೇಷ್ಟ್ರೂ ಹೇಳುವುದಿಲ್ಲ.

ರಾಘು, ಪಿ.ಇ. ಮೇಷ್ಟ್ರು
‘ಯಾವ ಮೇಷ್ಟ್ರೂ’ ಅಂತ ಎಲ್ಲರನ್ನೂ ಸೇರಿಸಬೇಡಿ ಸಾರ್. ಸಿನಿಮಾದಲ್ಲಿ ನೀರು ಕೇಳಿದ ಹುಡುಗನಿಗೆ ನೀರು ಹೇಡಿಗಳಿಗೆ ಅಂತಾರಲ್ಲ ಬೂನ್, ಆ ಜಾಗದಲ್ಲಿ ನಾನು ನಿಲ್ಲಿಸಿ ಮಕ್ಕಳಿಗೆ ಹೇಳ್ತೀನಿ, ಇದು ತಪ್ಪು, ಬಿಸಿಲಲ್ಲಿ ನೀರು ಕೊಡದೆ ಓಡಿಸಿದರೆ ಜೀವ ಹೋಗುತ್ತೆ ಅಂತ. ಸಿನಿಮಾನ ನಿಲ್ಲಿಸಿ ನಿಲ್ಲಿಸಿ ತೋರಿಸಬೇಕು.

ಬಸು, ಧಾರವಾಡ
1979ರದ್ದು ಹಿಡಕೊಂಡು 1971 ಸುಳ್ಳು ಅನ್ನಾಕ ಬರೂದಿಲ್ಲ. ಆ ವರ್ಷ ಊರೆಲ್ಲ ಕೊತಕೊತ ಕುದಿಯೂ ಹೊತ್ತಿನಾಗ ಕಪ್ಪು ಹುಡುಗರು ಬಿಳಿ ಹುಡುಗರು ಒಂದ ಅಂಗಿ ತೊಟ್ಟು ಮೈದಾನಕ್ಕ ಇಳದಾರ. ಜಗಳ ತೀರಸಾಕ ಬಂದವರು ಅವರ, ದೊಡ್ಡವರಲ್ಲ. ನನ್ನ ಮಾತು ಮೊದಲಿಂದಾನೂ ಇಷ್ಟ.

ಸುಮಾ, ವರ್ಜೀನಿಯಾ
‘ದೊಡ್ಡವರಲ್ಲ’ ಅಂದಿರಲ್ಲ, ನನ್ನ ತಕರಾರು ಅಲ್ಲೇ ಇದೆ. ದೊಡ್ಡವರು ಏನು ಮಾಡಿದರು ಅನ್ನುವುದನ್ನು ಮಕ್ಕಳಿಗೆ ಯಾರು ಹೇಳುತ್ತಾರೆ? ಆ ಶಾಲೆಗೆ ಹೆಸರು ಕೊಟ್ಟ ಟಿ.ಸಿ. ವಿಲಿಯಮ್ಸ್ ಅಲೆಕ್ಸಾಂಡ್ರಿಯಾ ಶಾಲೆಗಳ ಸೂಪರಿಂಟೆಂಡೆಂಟ್. ತನ್ನ ಮಕ್ಕಳನ್ನು ಬಿಳಿ ಮಕ್ಕಳ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೋರ್ಟಿಗೆ ಹೋದ ಕಪ್ಪು ತಾಯಿಯೊಬ್ಬಳನ್ನು, ಆಕೆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು, 1958ರಲ್ಲಿ ಕೆಲಸದಿಂದ ಕಿತ್ತುಹಾಕಿದವರು ಅವರು. ಸಿನಿಮಾ ಉದ್ದಕ್ಕೂ ಹುಡುಗರ ಶಾಲೆಯ ಹೆಸರಾಗಿ ಅವರದ್ದೇ ಹೆಸರು. 2021ರಲ್ಲಿ ಅದನ್ನು ತೆಗೆದು ಅಲೆಕ್ಸಾಂಡ್ರಿಯಾ ಸಿಟಿ ಹೈಸ್ಕೂಲ್ ಅಂತ ಮಾಡಿದರು, ವಿದ್ಯಾರ್ಥಿಗಳೂ ಅದಕ್ಕೆ ಒತ್ತಾಯಿಸಿದ್ದರು. ಶನಿವಾರ ಮಗನನ್ನು ಕರೆದುಕೊಂಡು ಹೋಗಿ ಹೊಸ ಬೋರ್ಡು ತೋರಿಸುತ್ತೇನೆ. ಅಡುಗೆಯಾಕೆಯ ಕಥೆಯನ್ನು ಅಲ್ಲೇ ನಿಂತು ಹೇಳುತ್ತೇನೆ.

ಅನಂತ ಕೆ.
ಹಾಗಾದರೆ ಸಿನಿಮಾ ಪಾಠವಲ್ಲ ಎಂದು ನೀವೇ ಒಪ್ಪಿದಂತಾಯಿತು.

ರಾಘು, ಪಿ.ಇ. ಮೇಷ್ಟ್ರು
ಸಿನಿಮಾ ನೋಡಿದ್ದಕ್ಕೇ ತಾನೆ ಸಾರ್ ಆ ಹುಡುಗ ಶನಿವಾರ ಅಲ್ಲಿಗೆ ಹೋಗ್ತಿರೋದು?